ಹೊಗೆ ಹೋಗುವ ದಾರಿ, ನೀರು ಬರುವ ದಾರಿ

2022ರ ಮಾರ್ಚ್ ತಿಂಗಳ ಒಂದು ರಾತ್ರಿ ನಮ್ಮ ಹ್ಯಾರಿಸ್ ಪಾರ್ಕಿನ ಮನೆಯಲ್ಲಿ ಟಪ್ ಟಪ್ ಎಂಬ ಸದ್ದು ಕೇಳಿ ಎಚ್ಚರವಾಯಿತು. ಅದು ಯಾವ ಸದ್ದೆಂದು ಮಲೆನಾಡಿನಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಣ್ಣು ತೆರೆಯುವ ಮೊದಲೇ ಕೈ ಪಾತ್ರೆಗಾಗಿ ತಡಕಾಡುತ್ತದೆ. ಮುಂದಿನ ಕೋಣೆಯ ದೀಪ ಹಾಕಿ ನೋಡಿದೆ. ಕಟ್ಟಿಗೆ ಒಲೆಯ ಕಪ್ಪು ಕೊಳವೆ ಸೂರಿನೊಳಗೆ ನುಗ್ಗುವ ಜಾಗದಿಂದ ನೀರು ಇಳಿದು, ಕೊಳವೆಯ ಮೈಮೇಲೆ ಗೆರೆ ಎಳೆದು, ಒಲೆಯ ತಲೆಯ ಮೇಲೆ ಬೀಳುತ್ತಿತ್ತು. ಒಂದು ಸ್ಟೀಲ್ ಡಬರಿ ತಂದಿಟ್ಟೆ. ಹೆಂಡತಿ ಬಂದು ನೋಡಿ, "ಸಾಗರ ಬಿಟ್ಟು ಸಿಡ್ನಿಗೆ ಬಂದರೂ ಡಬರಿ ಬಿಡಲಿಲ್ಲ ನಿಮ್ಮನ್ನು" ಎಂದಳು.

ಆ ವರ್ಷದ ಮಳೆ ಸಾಮಾನ್ಯದ್ದಲ್ಲ. ಸಿಡ್ನಿಯ ಅಬ್ಸರ್ವೇಟರಿ ಹಿಲ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಮಳೆ ಅಳೆಯುತ್ತ ಬಂದಿದ್ದಾರೆ. 1950ರ 2,194 ಮಿಲಿಮೀಟರ್ ಅಲ್ಲಿಯವರೆಗಿನ ದಾಖಲೆಯಾಗಿತ್ತು. 2022ರಲ್ಲಿ ಅದು ಅಕ್ಟೋಬರ್ ತಿಂಗಳಿಗೇ ಮುರಿದು, ವರ್ಷ ಮುಗಿಯುವಾಗ ಎರಡೂವರೆ ಸಾವಿರ ದಾಟಿತು. ಆಗುಂಬೆಯ ಮುಂದೆ ಇದು ಲೆಕ್ಕಕ್ಕಿಲ್ಲ, ನಿಜ. ಆದರೆ ಆಗುಂಬೆಯ ಮನೆಗಳು ಆ ಮಳೆಗೆಂದೇ ಕಟ್ಟಿದವು. ಇಲ್ಲಿನ ಛಾವಣಿಗಳು ಬಿಸಿಲನ್ನೇ ಹೆಚ್ಚು ಕಂಡವು. ನಮ್ಮ ಬೀದಿಯಲ್ಲಿ ಆ ಹಂಗಾಮಿನಲ್ಲಿ ಸೋರದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಈ ಲೇಖನ ಒಂದು ಸೋರಿಕೆಯದ್ದು. ಅಷ್ಟು ಸಣ್ಣ ಸಂಗತಿಗೆ ಇಷ್ಟು ಕಾಗದವೇ ಎಂದು ಓದುಗರು ಕೇಳಬಹುದು. ಆ ಅಂಗೈಯಗಲದ ಸಂದನ್ನು ಮುಚ್ಚಲು ಹೋದಾಗ ನನಗೆ ನಾನಿರುವ ಊರಿನ ಇನ್ನೂರು ವರ್ಷದ ಕಥೆಯೂ, ನಾನು ಬಿಟ್ಟುಬಂದ ಅಡುಗೆಮನೆಯ ಒಂದು ಹಳೆಯ ಸೋಲೂ ಒಟ್ಟಿಗೇ ಎದುರಾದವು. ಅದಕ್ಕಾಗಿ ಬರೆಯುತ್ತಿದ್ದೇನೆ.

ಹ್ಯಾರಿಸ್ ಪಾರ್ಕ್ ಎಂದರೆ ಈಗ ಎಲ್ಲರಿಗೂ 'ಲಿಟಲ್ ಇಂಡಿಯಾ'. ವಿಗ್ರಾಮ್ ಸ್ಟ್ರೀಟಿನಲ್ಲಿ ಸಂಜೆ ನಡೆದರೆ ದೋಸೆಯ ವಾಸನೆ, ಚಾಟ್ ಅಂಗಡಿಯ ಮುಂದೆ ಸಾಲು, ಸೀರೆ ಅಂಗಡಿಯ ಗಾಜಿನೊಳಗೆ ಮದುವೆಯ ಬೊಂಬೆ. ಇಲ್ಲಿ ಇರುವವರಲ್ಲಿ ಅರ್ಧದ ಹತ್ತಿರ ಜನ ಭಾರತದಲ್ಲಿ ಹುಟ್ಟಿದವರೆಂದು 2021ರ ಜನಗಣತಿ ಹೇಳುತ್ತದೆ. 2023ರ ಮೇ ತಿಂಗಳಲ್ಲಿ ಭಾರತದ ಪ್ರಧಾನಿ ಸಿಡ್ನಿಗೆ ಬಂದಾಗ ಈ ಹೆಸರಿಗೆ ಎರಡು ಸರ್ಕಾರಗಳ ಮುದ್ರೆಯೂ ಬಿತ್ತು. ನಾವು ಬಂದಾಗ ಇಲ್ಲಿ ಲೆಬನಾನ್ ಮೂಲದವರ ಪ್ರಭಾವ ಹೆಚ್ಚು ಕಾಣುತ್ತಿತ್ತು. ಅವರ ಮ್ಯಾರೊನೈಟ್ ಪಂಥದ ದೊಡ್ಡ ಚರ್ಚು, 'ಅವರ್ ಲೇಡಿ ಆಫ್ ಲೆಬನಾನ್', ಈಗಲೂ ಇಲ್ಲಿಯೇ ಇದೆ. ಆದರೆ ಈ ಹೋಟೆಲುಗಳ ಬೋರ್ಡಿನಿಂದ ಕಣ್ಣೆತ್ತಿ ಒಂದಿಷ್ಟು ಮೇಲೆ ನೋಡಿ. ದೋಸೆ ಮಾರುವ ಆ ಕಟ್ಟಡ ಮೂಲದಲ್ಲಿ ಮರದ ಹಲಗೆಯ ಗೋಡೆಯ ಒಂದು ಪುಟ್ಟ ಮನೆ. ಎದುರಿಗೆ ಜಗಲಿ, ಮೇಲೆ ಅಲೆಅಲೆಯಾದ ತಗಡು, ತಗಡಿನಿಂದ ಹೊರಗೆ ತಲೆಹಾಕಿದ ಇಟ್ಟಿಗೆಯ ಹೊಗೆಗೂಡು.

ಇದು ಬರಮಟ್ಟಗಲ್ ಎಂಬ ದರುಗ್ ಜನರ ನೆಲ. ಪ್ಯಾರಾಮಟ್ಟ ಎಂಬ ಹೆಸರು ಅವರಿಂದಲೇ ಬಂದದ್ದು. 1788ರಲ್ಲಿ ಬಂದಿಳಿದ ಬಿಳಿಯರು ಅದೇ ವರ್ಷದ ಕೊನೆಗೆ ಒಳನಾಡಿನ ಈ ಜಾಗಕ್ಕೆ ಬಂದು ಬೇಸಾಯಕ್ಕೆ ತೊಡಗಿದರು. ಶಿಕ್ಷೆ ಮುಗಿಸಿದ ಜೇಮ್ಸ್ ರೂಸ್ ಎಂಬ ಕೈದಿ ಇಲ್ಲಿ ಉತ್ತು ಬಿತ್ತು ತನ್ನ ಹೊಟ್ಟೆ ತಾನು ಹೊರೆಯಬಲ್ಲನೇ ಎಂದು ಪರೀಕ್ಷಿಸಿದ ಜಮೀನಿಗೆ 'ಎಕ್ಸ್‌ಪೆರಿಮೆಂಟ್ ಫಾರ್ಮ್' ಎಂಬ ಹೆಸರು ಬಂತು. ಅವನಿಗೆ ಸಿಕ್ಕ 30 ಎಕರೆ ಈ ವಸಾಹತಿನ ಮೊದಲ ಭೂಮಂಜೂರಾತಿ. ಯಾರ ನೆಲವನ್ನು ಯಾರು ಮಂಜೂರು ಮಾಡಿದರು ಎಂಬ ಪ್ರಶ್ನೆಯನ್ನು ಆಗ ಯಾರೂ ಕೇಳಲಿಲ್ಲ. ಆ ಜಮೀನನ್ನು ರೂಸ್‌ನಿಂದ ಕೊಂಡವನು ಸೇನೆಯ ಸರ್ಜನ್ ಜಾನ್ ಹ್ಯಾರಿಸ್. ನಮ್ಮ ಬಡಾವಣೆಯ ಹೆಸರಿನಲ್ಲಿ ಉಳಿದಿರುವವನು ಅವನೇ. 1830ರ ದಶಕದಲ್ಲಿ ಅವನು ಕಟ್ಟಿಸಿದ ಮನೆಯನ್ನು ಈಗ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ. ನಮ್ಮ ಮನೆಯಿಂದ ನಡೆದೇ ಹೋಗಬಹುದು. ಇನ್ನೊಂದಿಷ್ಟು ನಡೆದರೆ 1793ರಲ್ಲಿ ಮೆಕಾರ್ಥರ್ ದಂಪತಿಗಳು ಕಟ್ಟಲು ತೊಡಗಿದ ಎಲಿಜಬೆತ್ ಫಾರ್ಮ್. ಆಸ್ಟ್ರೇಲಿಯದಲ್ಲಿ ಉಳಿದಿರುವ ಯುರೋಪಿಯನ್ನರ ಕಟ್ಟಡಗಳಲ್ಲೆಲ್ಲ ಹಳೆಯದು ಅದು.

ಈ ಎರಡು ಮನೆಗಳ ಜಗಲಿಯಲ್ಲಿ ನಿಂತವರಿಗೆ ಏನೋ ಪರಿಚಯದ್ದೆನಿಸುತ್ತದೆ. ತಗ್ಗಿದ ಮಾಡು, ಸುತ್ತ ಕಂಬಗಳ ಮೇಲೆ ನಿಂತ ನೆರಳು, ಬಿಸಿಲು ಮಳೆಗಳೆರಡನ್ನೂ ಗೋಡೆಯಿಂದ ದೂರವಿಡುವ ಉಪಾಯ. ಇಂಗ್ಲೆಂಡಿನ ಮನೆಗೆ ಇದು ಇರಲಿಲ್ಲ. ಭಾರತದ ಬಿಸಿಲಿನಲ್ಲಿ ಬ್ರಿಟಿಷರು ಕಲಿತ ಬಂಗಲೆ ಇದು. 'ವೆರಾಂಡ' ಎಂಬ ಮಾತೂ ನಮ್ಮ ಕಡೆಯಿಂದಲೇ ಹಡಗು ಹತ್ತಿದ್ದು. ವೀಸಾ ಹಿಡಿದು ನಾವು ಬರುವುದಕ್ಕೆ ಬಹಳ ಮೊದಲೇ ನಮ್ಮ ಜಗಲಿ ಹ್ಯಾರಿಸ್ ಪಾರ್ಕಿಗೆ ಬಂದು ಕೂತಿತ್ತು.

ಮೊದಮೊದಲು ಈ ಮನೆಗಳ ಮೇಲಿದ್ದದ್ದು ತಗಡಲ್ಲ, ಮರ. ಇಲ್ಲಿನ 'ಶೀ ಓಕ್' ಮರವನ್ನು ಹೆಂಚಿನಷ್ಟಗಲಕ್ಕೆ ಸೀಳಿ, ಒಂದರ ಮೇಲೊಂದು ಹೊದಿಸುತ್ತಿದ್ದರು. ಶೀ ಓಕ್ ಎಂದರೆ ನಮ್ಮ ಕರಾವಳಿಯ ಮರಳಿನಲ್ಲಿ ನೆಡುವ ಗಾಳಿಮರದ ದಾಯಾದಿ. ಆಮೇಲೆ ತಗಡು ಬಂತು. 1829ರಲ್ಲಿ ಲಂಡನ್ನಿನ ಹಡಗುಕಟ್ಟೆಯ ಎಂಜಿನಿಯರ್ ಹೆನ್ರಿ ಪಾಮರ್ ಎಂಬಾತ ಕಬ್ಬಿಣದ ತೆಳು ಹಾಳೆಯನ್ನು ಅಲೆಯಂತೆ ಮಡಿಸಿದರೆ ಅದು ತನ್ನ ಭಾರ ತಾನೇ ಹೊರುತ್ತದೆಂದು ಪೇಟೆಂಟ್ ಪಡೆದ. 1837ರಲ್ಲಿ ಫ್ರಾನ್ಸಿನ ಸೊರೆಲ್ ಅದನ್ನು ಕರಗಿದ ಸತುವಿನಲ್ಲಿ ಅದ್ದಿ ತುಕ್ಕಿನಿಂದ ಕಾಪಾಡುವ ದಾರಿ ತೋರಿಸಿದ. ಇವೆರಡೂ ಕೂಡಿದ್ದೇ ನಾವು ಊರಲ್ಲಿ ಜಿಂಕ್ ಶೀಟು ಎಂದು ಕರೆಯುವ ವಸ್ತು. ಹಗುರ, ಒಂದರ ಮೇಲೊಂದು ಪೇರಿಸಿದರೆ ಹಡಗಿನಲ್ಲಿ ಜಾಗ ಕಡಿಮೆ, ಕೂರಿಸಲು ಕುಶಲಿಗಳು ಬೇಡ. ಮನುಷ್ಯರು ಮನೆಗಳಿಗಿಂತ ಬೇಗ ಬಂದಿಳಿಯುತ್ತಿದ್ದ ದೇಶಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಬೇಕೆ?

ಮೆಲ್ಬರ್ನಿಗೆ ಹೋದವರು ದಕ್ಷಿಣ ಮೆಲ್ಬರ್ನಿನ ಕಾವೆಂಟ್ರಿ ಸ್ಟ್ರೀಟಿನಲ್ಲಿ ನ್ಯಾಷನಲ್ ಟ್ರಸ್ಟ್ ಕಾಪಾಡಿರುವ ಮೂರು ಕಬ್ಬಿಣದ ಮನೆಗಳನ್ನು ನೋಡಬೇಕು. 1850ರ ದಶಕದ ಚಿನ್ನದ ಹುಚ್ಚಿನ ಕಾಲದಲ್ಲಿ ಬ್ರಿಟನ್ನಿನಿಂದ ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದ ಮನೆಗಳವು. ಗೆಳೆಯರೊಬ್ಬರ ಮನೆಗೆ ಹೋದಾಗ ಒಂದು ಜನವರಿಯಲ್ಲಿ ನೋಡಿದ್ದೆವು. ಒಳಗೆ ಹತ್ತು ನಿಮಿಷ ನಿಲ್ಲುವುದು ಕಷ್ಟವಾಯಿತು. ಹಾಗೆ ಬಂದ ತಗಡು ಮತ್ತೆ ಈ ದೇಶವನ್ನು ಬಿಡಲಿಲ್ಲ. ಬ್ರಿಸ್ಟಲಿನ ಲೈಸಾಟ್ ಕಂಪನಿಯ 'ಆರ್ಬ್' ಗುರುತಿನ ತಗಡು ಹಡಗುಗಟ್ಟಲೆ ಬಂತು. 1921ರಲ್ಲಿ ಅವರು ನ್ಯೂ ಸೌತ್ ವೇಲ್ಸಿನ ನ್ಯೂಕಾಸಲಿನಲ್ಲೇ ಕಾರ್ಖಾನೆ ತೆರೆದರು. ಅದೇ ಬಗೆಯ ತಗಡು ನಮ್ಮ ಕೋಲಾರದ ಗಣಿಗಳಿಗೂ ಕೊಡಗಿನ ಕಾಫಿ ತೋಟಗಳಿಗೂ ಹೋಯಿತು. ಒಂದೇ ಸಾಮ್ರಾಜ್ಯದ ಎರಡು ಮೂಲೆಗಳಲ್ಲಿ ಒಂದೇ ಮಳೆಯ ಸದ್ದು.

ಇನ್ನೊಂದು ಬಂಧುತ್ವವೂ ಇದೆ. ಹ್ಯಾರಿಸ್ ಪಾರ್ಕಿನ ಕೆಲವು ಇಟ್ಟಿಗೆ ಮನೆಗಳ ಮೇಲೆ ಕೆಂಪು ಹೆಂಚಿದೆ. ನಾನು ಮೊದಲ ಸಲ ನೋಡಿದಾಗ ಮಂಗಳೂರು ಹೆಂಚೆಂದೇ ತಿಳಿದು ಅಕ್ಕನಿಗೆ ಫೋಟೋ ಕಳಿಸಿದ್ದೆ. ಮಂಗಳೂರಿನದ್ದಲ್ಲ, ಆದರೆ ಮನೆತನ ಒಂದೇ. 1841ರಲ್ಲಿ ಫ್ರಾನ್ಸಿನ ಆಲ್ಸಾಸಿನ ಗಿಲಾರ್ಡೋನಿ ಸಹೋದರರು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹೆಂಚಿಗೆ ಪೇಟೆಂಟ್ ಪಡೆದರು. ಆ ಬಗೆಯ ಹೆಂಚನ್ನು 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೇಡಿಮಣ್ಣಿನಲ್ಲಿ ಮಾಡಿಸಿದರು. 1892ರಿಂದ ವುಂಡರ್ಲಿಕ್ ಎಂಬ ಸಂಸ್ಥೆ ಮಾರ್ಸೆಯ ಹೆಂಚನ್ನು ಸಿಡ್ನಿಗೆ ತರಿಸಿತು. ಹೀಗೆ ಸಾಗರದ ನಮ್ಮ ಮನೆಯ ಮಾಡೂ ಇಲ್ಲಿಯ ನೆರೆಯವರ ಮಾಡೂ ದೂರದ ಸಂಬಂಧಿಗಳು.

ಈಗ ಸೋರಿಕೆಗೆ ಬರುತ್ತೇನೆ.

ನಮ್ಮದು ನೂರು ವರ್ಷ ದಾಟಿದ ಹಲಗೆ ಮನೆ. ಹಿಂದಿನ ಯಾರೋ ಇಟ್ಟಿಗೆಯ ಹೊಗೆಗೂಡನ್ನು ಕೆಡವಿ, ಅದರ ಜಾಗದಲ್ಲಿ ಕಬ್ಬಿಣದ ಒಲೆಯನ್ನೂ ಲೋಹದ ಚಿಮಣಿಯನ್ನೂ ಕೂರಿಸಿದ್ದರು. ನಮ್ಮೂರಲ್ಲಿ ಚಿಮಣಿ ಎಂದರೆ ಸೀಮೆಎಣ್ಣೆ ಬುಡ್ಡಿ. ಇಲ್ಲಿ ನಾನು ಹೇಳುತ್ತಿರುವುದು ಹೊಗೆಯ ಕೊಳವೆ. ಇನ್ಯಾರೋ ಮುಂದೊಂದು ದಿನ ಹಳೆಯ ತಗಡು ತೆಗೆದು ಹೊಸದು ಹೊದಿಸಿದ್ದರು. ಮಗದೊಬ್ಬರು ಚಿಮಣಿಯ ಬುಡಕ್ಕೆ ಸಿಲಿಕೋನ್ ಬಳಿದಿದ್ದರು. ಅವರ ನಂತರ ಬಂದವನು ನಾನು. 2012ರಲ್ಲಿ ಒಮ್ಮೆ, 2016ರಲ್ಲಿ ಇನ್ನೊಮ್ಮೆ, ನಾನೂ ಅಂಗಡಿಯಿಂದ ಒಂದು ಟ್ಯೂಬು ತಂದು ಅದೇ ಜಾಗಕ್ಕೆ ಬಳಿದಿದ್ದೆ. ಪ್ರತಿಸಲ ಒಂದೆರಡು ಮಳೆಗಾಲ ತಡೆಯಿತು, ಮತ್ತೆ ಸೋರಿತು.

ಈ ಬಾರಿ ಛಾವಣಿ ಕೆಲಸ ಬಲ್ಲ ಒಬ್ಬರನ್ನು ಕರೆದೆ. ಅರವತ್ತರ ಹತ್ತಿರದ ವಯಸ್ಸು, ಬಾಲ್ಯದಲ್ಲಿ ಲೆಬನಾನಿನಿಂದ ಬಂದವರು, ಇದೇ ಬೀದಿಗಳಲ್ಲಿ ಬೆಳೆದವರು. ಅವರು ಬಂದವರೇ ಏಣಿ ಹತ್ತಲಿಲ್ಲ. ಮೊದಲು ಕೇಳಿದ ಪ್ರಶ್ನೆ: "ಮಳೆಯಿಲ್ಲದ ದಿನವೂ ತೊಟ್ಟಿಕ್ಕುತ್ತದೆಯೇ?"

ಪ್ರಶ್ನೆಗೆ ಕಾರಣವಿತ್ತು. ಹಸಿ ಕಟ್ಟಿಗೆ ಉರಿಸಿದರೆ ಅದರ ತೇವ ಹೊಗೆಯೊಡನೆ ಮೇಲೇರಿ, ತಣ್ಣನೆಯ ಕೊಳವೆಗೆ ತಾಗಿ ನೀರಾಗಿ ಒಳಗಿನಿಂದಲೇ ಇಳಿಯುತ್ತದೆ. ಆ ನೀರು ಕಪ್ಪಗೆ ಅಂಟಂಟಾಗಿ, ಹೊಗೆಯ ಕಮಟು ವಾಸನೆ ಹೊಡೆಯುತ್ತದೆ. ಅದು ಛಾವಣಿಯ ದೋಷವಲ್ಲ, ಕಟ್ಟಿಗೆಯದ್ದು. ನಮ್ಮದು ತಿಳಿ ನೀರು, ಮಳೆ ಬಂದಾಗ ಮಾತ್ರ. ಸರಿ, ಅವರು ತೋಟದ ಪೈಪು ಹಿಡಿದು ಮೇಲೆ ಹೋದರು. ನನ್ನನ್ನು ಟಾರ್ಚ್ ಕೊಟ್ಟು ಒಳಗೆ, ಸೂರಿನ ಕಿಂಡಿಯ ಬಳಿ ಕೂರಿಸಿದರು. ನೀರನ್ನು ಮೊದಲು ಚಿಮಣಿಗಿಂತ ಕೆಳಗೆ ಬಿಟ್ಟರು, ಐದಾರು ನಿಮಿಷ. ಆಮೇಲೆ ಎರಡು ಪಕ್ಕಗಳಿಗೆ. ಕೊನೆಗೆ ಮೇಲ್ಗಡೆಗೆ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಗೂ ಹರಿದು ತೂತು ಯಾವುದೆಂದು ತಿಳಿಯುವುದೇ ಇಲ್ಲ. ಮೇಲ್ಗಡೆಗೆ ಬಿಟ್ಟ ಎರಡನೆಯ ನಿಮಿಷಕ್ಕೆ ನನ್ನ ಟಾರ್ಚಿನ ಬೆಳಕಿನಲ್ಲಿ ಹನಿ ಹೊಳೆಯಿತು. ಆದರೆ ಅದು ಕೊಳವೆಯ ಪಕ್ಕದಲ್ಲಿ ಹುಟ್ಟಲಿಲ್ಲ. ಗೇಣು ದೂರದಲ್ಲಿ ತಗಡಿನ ಕೆಳಮೈಯಲ್ಲಿ ಹುಟ್ಟಿ, ಅಲೆಯ ತಗ್ಗಿನಲ್ಲಿ ಹರಿದು ಬಂದು ಕೊಳವೆ ಹಿಡಿದಿತ್ತು. ನಾನು ಎರಡು ಸಲ ಸಿಲಿಕೋನ್ ಬಳಿದದ್ದು ಬೇರೆಯೇ ಜಾಗಕ್ಕೆ.

ಕೆಳಗಿಳಿದು ಅವರು ವಿವರಿಸಿದರು. ಕೊಳವೆ ತಗಡನ್ನು ತೂರಿ ಹೋಗುವಲ್ಲಿ ಸುತ್ತ ಹೊದಿಸುವ ಪಟ್ಟಿಗೆ ಇಲ್ಲಿ ಫ್ಲ್ಯಾಶಿಂಗ್ ಎನ್ನುತ್ತಾರೆ. ನಮ್ಮ ಮನೆಯದ್ದು ಸೀಸದ್ದು, ಹಳೆಯ ಛಾವಣಿಯ ಕಾಲದ್ದು. ಸತು ಬಳಿದ ಹಳೆಯ ತಗಡಿನ ಮೇಲೆ ಸೀಸ ದಶಕಗಳ ಕಾಲ ಬಾಳಿತ್ತು. ಹೊಸ ತಗಡು ಹಾಗಲ್ಲ. 1970ರ ದಶಕದಿಂದ ಆಸ್ಟ್ರೇಲಿಯದಲ್ಲಿ ಬಂದ 'ಜಿಂಕಾಲ್ಯೂಮ್' ಎಂಬ ತಗಡಿನ ಲೇಪದಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ನೂರಕ್ಕೆ 55 ಪಾಲು, ಅಲ್ಯುಮಿನಿಯಂ. ಉಳಿದದ್ದರಲ್ಲಿ ಹೆಚ್ಚಿನದು ಸತು. ಇದರ ಮೈಗೆ ಸೀಸ ತಾಗಿ ನಡುವೆ ನೀರು ನಿಂತರೆ ಅದೊಂದು ಬ್ಯಾಟರಿಯಂತಾಗುತ್ತದೆ. ಸೀಸಕ್ಕೆ ಏನೂ ಆಗುವುದಿಲ್ಲ. ತಗಡಿನ ಲೇಪ ಸವೆಯುತ್ತ ಹೋಗಿ ಕೊನೆಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ನಮ್ಮಲ್ಲಿ ಆದದ್ದು ಅದೇ. ಚಿಮಣಿಯ ಮೇಲ್ಗಡೆ ಗಮ್ ಮರದ ಎಲೆಗಳು ಒಟ್ಟಾಗಿ ಕಟ್ಟೆ ಕಟ್ಟಿದ್ದವು. ನೀರು ಅಲ್ಲಿ ನಿಲ್ಲುತ್ತಿತ್ತು. ಸೀಸದ ಅಂಚಿನ ಅಡಿಯಲ್ಲಿ ತಗಡು ಸಾಸಿವೆ ಕಾಳಿನಷ್ಟು ಸಣ್ಣ ತೂತುಗಳಾಗಿ ಜರಡಿಯಾಗಿತ್ತು. "ಯಾವುದೂ ಕೆಟ್ಟ ಸಾಮಾನಲ್ಲ," ಎಂದರು. "ಸೀಸ ಒಳ್ಳೆಯದು, ತಗಡು ಒಳ್ಳೆಯದು. ಒಂದರ ಪಕ್ಕ ಒಂದು ಇಟ್ಟವರು ಕೇಳಲಿಲ್ಲ, ಅಷ್ಟೇ."

ದುರಸ್ತಿಗೆ ಒಂದೂವರೆ ದಿನ ಹಿಡಿಯಿತು. ನಾನು ಏಣಿ ಹಿಡಿದೆ, ಸಾಮಾನು ಎತ್ತಿಕೊಟ್ಟೆ. ಅವರು ಸೊಂಟಕ್ಕೆ ಪಟ್ಟಿ ಕಟ್ಟಿ, ಹಗ್ಗ ಬಿಗಿದೇ ಮೇಲೆ ಹೋದದ್ದು. ಹಳೆಯ ಸಿಲಿಕೋನನ್ನೆಲ್ಲ ಕೆರೆದು ತೆಗೆದಾಗ ಪದರ ಪದರವಾಗಿ ಬಂತು. ಬಿಳಿ, ಬೂದು, ಕಪ್ಪು. ಅದರಲ್ಲಿ ಎರಡು ಪದರ ನನ್ನವು. ಹಾಕುವಾಗ ಹುಳಿ ವಿನಿಗರ್ ವಾಸನೆ ಬರುವ ಬಗೆಯ ಸಿಲಿಕೋನ್ ಲೋಹದ ಲೇಪವನ್ನು ತಾನೇ ತಿನ್ನುತ್ತದಂತೆ. ನಾನು ಬಳಿದದ್ದು ಅದನ್ನೇ. ತೂತಾದ ತಗಡನ್ನು ತೆಗೆದು ಅದೇ ಜಾತಿಯ ಹೊಸದನ್ನು ಹಾಕಿದರು. ಅದರ ಮೇಲೆ ಅದೇ ಲೋಹದ ಅಗಲವಾದ ಒಂದು ಹಾಳೆಯನ್ನು ಮಾಡಿನ ನೆತ್ತಿಯಿಂದ ಚಿಮಣಿಯ ಕೆಳಗಿನವರೆಗೆ ಇಳಿಸಿದರು. ಮೇಲಿನ ಅಂಚು ನೆತ್ತಿಯ ಮುಚ್ಚಳದ ಅಡಿಗೆ ತೂರಿತು, ಕೆಳಗಿನ ಅಂಚು ಕೆಳಗಿನ ತಗಡಿನ ಮೇಲೆ ಬಂತು. ಚಿಮಣಿಯ ಸುತ್ತ ಬೆಂಕಿಯ ಕಾವು ತಡೆಯುವ ಕೆಂಪು ಸಿಲಿಕೋನ್ ರಬ್ಬರಿನ ಟೊಪ್ಪಿಗೆ. ಸಾಮಾನ್ಯ ನೀರಿನ ಕೊಳವೆಗೆ ಹಾಕುವ ಕಪ್ಪು ರಬ್ಬರು ಈ ಕಾವಿಗೆ ಸಾಲದು. ಟೊಪ್ಪಿಗೆಯ ಬಾಯನ್ನು ಕೊಳವೆಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ, ಸಾಬೂನು ನೀರು ಸವರಿ, ಬಲವಾಗಿ ಎಳೆದು ಇಳಿಸಿದರು. ಅದರ ಚೌಕದ ಬುಡವನ್ನು ನೇರವಾಗಿ ಇಡದೆ, ಒಂದು ಮೂಲೆ ಮೇಲ್ಮುಖವಾಗಿರುವಂತೆ ತಿರುಗಿಸಿದರು. ದೋಣಿಯ ಮೂತಿಯಂತೆ ಅದು ನೀರನ್ನು ಎರಡು ಪಕ್ಕಕ್ಕೆ ಸೀಳುತ್ತದೆ, ಎಲೆ ನಿಲ್ಲುವುದಿಲ್ಲ.

ನಡುವೆ ಅಳತೆ ಗುರುತಿಸಲು ನಾನು ಪೆನ್ಸಿಲ್ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಪೆನ್ಸಿಲಿನ ಸೀಸವೆಂದು ನಾವು ಕರೆಯುವುದು ನಿಜಕ್ಕೆ ಗ್ರಾಫೈಟ್. ಅದರ ಗೀಟು ಕೂಡ ಈ ತಗಡನ್ನು ಕಾಲಕ್ರಮದಲ್ಲಿ ತಿನ್ನುತ್ತದೆ. ಮಾರ್ಕರ್ ಪೆನ್ನಿನಲ್ಲೇ ಗೀಟು ಹಾಕಿದರು. ಸ್ಕ್ರೂ ಕೊರೆದ ಲೋಹದ ಪುಡಿಯನ್ನು ಕುಂಚದಿಂದ ಒಂದೂ ಬಿಡದೆ ಗುಡಿಸಿದರು. ಚಿಮಣಿಯ ಒಳಕೊಳವೆಗೂ ಹೊರಗವಸಕ್ಕೂ ನಡುವೆ ಇರುವ ಸಂದಿನಲ್ಲಿ ಗಾಳಿ ಆಡಬೇಕು, ಅದನ್ನು ಮಾತ್ರ ಎಂದೂ ಮುಚ್ಚಬೇಡ ಎಂದು ಎಚ್ಚರಿಸಿದರು. ಮರದ ಸೂರನ್ನು ಬೆಂಕಿಯಿಂದ ದೂರವಿಡುವುದು ಆ ಗಾಳಿಯೇ. ಕೊನೆಗೆ ಎತ್ತರ ಅಳೆದರು. ಇಲ್ಲಿನ ನಿಯಮದಂತೆ ಒಲೆಯ ಅಡಿಯ ಹಾಸಿನಿಂದ ಚಿಮಣಿಯ ತುದಿಗೆ ಕನಿಷ್ಠ 4.6 ಮೀಟರ್ ಇರಬೇಕು. ಮಾಡಿನ ನೆತ್ತಿಯಿಂದ 3 ಮೀಟರ್ ಒಳಗಿದ್ದರೆ ಆ ನೆತ್ತಿಗಿಂತ 600 ಮಿಲಿಮೀಟರ್ ಎತ್ತರಕ್ಕೆ ನಿಲ್ಲಬೇಕು. ನಮ್ಮದು ಸರಿಯಿತ್ತು.

ಇಳಿಯುವ ಮೊದಲು ಅವರು ಕೈಯಲ್ಲಿ ತೋರಿಸಿದ್ದು ನನಗೆ ಮರೆಯದು. ಎಡಗೈಯ ಬೆರಳುಗಳ ಮೇಲೆ ಬಲಗೈಯ ಬೆರಳುಗಳನ್ನಿಟ್ಟು, "ಎಲ್ಲ ಇಷ್ಟೇ. ಮೇಲಿನದು ಕೆಳಗಿನದರ ಮೇಲೆ. ಅಂಟು ನಂಬಬೇಡ, ಇಳಿಜಾರು ನಂಬು" ಎಂದರು.

ಅದೇ ಕೈಸನ್ನೆಯನ್ನು ನಾನು ನಲವತ್ತು ವರ್ಷ ಹಿಂದೆ ನೋಡಿದ್ದೆ. ಅಪ್ಪಯ್ಯನದು.

ನಮ್ಮ ಸಾಗರದ ಮನೆಯ ದೊಡ್ಡ ಮಾಡಿಗೆ ಮಂಗಳೂರು ಹೆಂಚು, ಕೊಟ್ಟಿಗೆಗೆ ಅಡಕೆ ಸೋಗೆ. ವರ್ಷವೂ ಮೇ ತಿಂಗಳಲ್ಲಿ ಸೋಗೆ ಹೊದಿಸುವಾಗ ಅಪ್ಪಯ್ಯ ಕೆಳಗಿನ ಸಾಲಿನಿಂದ ಶುರು ಮಾಡಿ ಮೇಲೆ ಹೋಗುತ್ತಿದ್ದರು. ಯಾಕೆಂದು ಕೇಳಿದರೆ ಹೀಗೆಯೇ ಬೆರಳ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಒಡೆದ ಹೆಂಚು ತೆಗೆದು ಹೊಸದು ತೂರಿಸುವುದೂ ಹಾಗೆಯೇ. ಮಳೆಗಾಲದ ಮುಂಚೆ ಮಾಡಿನ ಮೇಲೆ ಕೈಯಾಡಿಸದ ಮನೆ ನಮ್ಮೂರಲ್ಲಿ ಇರಲಿಲ್ಲ.

ಅಡುಗೆಮನೆಯಲ್ಲಿ ಹೊಗೆಗೆ ದಾರಿ ಇರಲಿಲ್ಲ. ಇದ್ದದ್ದು ಹೆಂಚಿನ ಸಂದು. ಅಟ್ಟದ ಮೇಲಿನ ಸಾಮಾನಿಗೆ ಹುಳ ಬೀಳದಂತೆ ಹೊಗೆ ಕಾಯುತ್ತದೆ, ಜಂತಿಗೆ ಗೆದ್ದಲು ಹಿಡಿಯುವುದಿಲ್ಲ ಎಂಬುದು ನಿಜವೇ. ಆದರೆ ಆ ಹೊಗೆಯನ್ನು ಕುಡಿಯುತ್ತಿದ್ದವಳು ಅಮ್ಮ. ಊದುಗೊಳವೆ ಹಿಡಿದು ಬಗ್ಗಿದಾಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಬೆಳಗಿನ ಜಾವದ ಅವಳ ಕೆಮ್ಮು ನಮಗೆ ಕೋಳಿ ಕೂಗಿದಂತೆ, ಗಂಟೆ ತಿಳಿಸುವ ಸದ್ದಾಗಿತ್ತು.

ಹೊಗೆಯಿಲ್ಲದ ಒಲೆಯ ಯೋಚನೆ ಹೊಸದಲ್ಲ. 1953ರಲ್ಲೇ ಹೈದರಾಬಾದಿನ ಎಂಜಿನಿಯರ್ ಎಸ್. ಪಿ. ರಾಜು ಚಿಮಣಿಯಿರುವ ಮಣ್ಣಿನ ಒಲೆಯ ಬಗ್ಗೆ ಪುಸ್ತಕವನ್ನೇ ಬರೆದಿದ್ದರು. ರಾಯಚೂರು, ಗುಲ್ಬರ್ಗಾ, ಬೀದರಗಳು ಆಗ ಆ ರಾಜ್ಯಕ್ಕೆ ಸೇರಿದ್ದವು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಘಟಕ ಹುಟ್ಟಿತು. ಹಳ್ಳಿಯ ಕೆಲಸಕ್ಕೆ ವಿಜ್ಞಾನ ಎಂಬುದು ಅದರ ಉದ್ದೇಶ. ಅವರು ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕೇಂದ್ರ ತೆರೆದು, ಸುತ್ತಲ ಹಳ್ಳಿಗಳಲ್ಲಿ ಜನ ಶಕ್ತಿಯನ್ನು ಯಾವುದಕ್ಕೆ ಬಳಸುತ್ತಾರೆಂದು ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಬಹುಪಾಲು ಅಡುಗೆಯ ಕಟ್ಟಿಗೆಗೇ ಹೋಗುತ್ತಿತ್ತು. ಅದರಿಂದ ಹುಟ್ಟಿದ್ದು ಮೂರು ಪಾತ್ರೆ ಕೂರುವ, ಚಿಮಣಿಯಿರುವ 'ಅಸ್ತ್ರ ಒಲೆ'. 1980ರ ದಶಕದಲ್ಲಿ ಅದು ಕರ್ನಾಟಕದ ಎಷ್ಟೋ ಅಡುಗೆಮನೆಗಳನ್ನು ತಲುಪಿತು. ಅದನ್ನು ನೋಡಿ ಕಟ್ಟಿದ ಒಂದು ಒಲೆ ನಮ್ಮ ಮನೆಗೂ ಬಂತು, 1986ರ ಬೇಸಗೆಯಲ್ಲಿ. ನಾನಾಗ ಹೈಸ್ಕೂಲಿನ ಹುಡುಗ.

ಒಲೆ ಹತ್ತಿಸಿದ ಮೊದಲ ದಿನ ಅಮ್ಮ ಅಂಗಳಕ್ಕೆ ಓಡಿಬಂದು ಮಾಡಿನ ಮೇಲೆ ನೋಡಿದಳು. ಸಿಮೆಂಟಿನ ಕೊಳವೆಯ ತುದಿಯಿಂದ ಹೊಗೆ ಹೋಗುತ್ತಿತ್ತು. ಒಳಗೆ ಬಂದು, ಮತ್ತೆ ಹೊರಗೆ ಹೋಗಿ ನೋಡಿದಳು. ಎರಡು ತಿಂಗಳು ಕೆಮ್ಮು ಕಡಿಮೆಯಾಗಿತ್ತು. ಅಷ್ಟರಲ್ಲಿ ಜೂನ್ ಬಂತು.

ಕೊಳವೆಗಾಗಿ ನಾವು ಎರಡು ಹೆಂಚು ತೆಗೆದು, ಸುತ್ತಲ ಸಂದಿಗೆ ಸಿಮೆಂಟು ಮೆತ್ತಿದ್ದೆವು. ಕಾವಿಗೆ ಕೊಳವೆ ಹಿಗ್ಗುತ್ತದೆ, ಗಾಳಿಗೆ ಅಲುಗುತ್ತದೆ, ಮಂಗ ಹಾರಿದರೆ ಹೆಂಚು ಸರಿಯುತ್ತದೆ. ಸಿಮೆಂಟು ಇದ್ಯಾವುದಕ್ಕೂ ಬಗ್ಗುವುದಿಲ್ಲ, ಬಿರಿಯುತ್ತದೆ. ಮೊದಲ ಜಡಿಮಳೆಗೇ ನೀರು ಕೊಳವೆ ಹಿಡಿದು ಇಳಿದು ಒಲೆಯ ಮಣ್ಣನ್ನು ನೆನೆಸಿತು. ಅಪ್ಪಯ್ಯ ಮತ್ತೆ ಸಿಮೆಂಟು ಮೆತ್ತಿದರು, ಆಮೇಲೆ ಡಾಂಬರು ಬಳಿದರು, ಗೋಣಿತಾಟು ಸುತ್ತಿದರು. ಮೂರು ಮಳೆಗಾಲ ಹೀಗೆ ನಡೆಯಿತು. 1989ರ ಆಷಾಢದಲ್ಲಿ ಒಂದು ದಿನ ಒಲೆಯ ಒಂದು ಬದಿ ಕುಸಿಯಿತು. ಅಪ್ಪಯ್ಯ ಸಿಟ್ಟಿನಿಂದ ಕೊಳವೆ ಕಿತ್ತು ಅಂಗಳಕ್ಕೆಸೆದರು. ತೂತಿಗೆ ಹೆಂಚು ಮುಚ್ಚಬೇಕಲ್ಲ. ಮನೆಯಲ್ಲಿ ಒಂದು ಗಾಜಿನ ಹೆಂಚು ಉಳಿದಿತ್ತು, ಅದನ್ನೇ ಹಾಕಿದರು. ಆಮೇಲೆ ಬಿಸಿಲಿದ್ದಾಗ ಅದರಿಂದ ಒಂದು ಬೆಳಕಿನ ಕೋಲು ಒಲೆಯ ಮುಂದೆ ಬೀಳುತ್ತಿತ್ತು. ಅದರೊಳಗೆ ಹೊಗೆ ಸುತ್ತುವುದು, ಅಮ್ಮ ಅದರ ನಡುವೆ ಬಗ್ಗಿ ಊದುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಅಡುಗೆಮನೆಗೆ ಒಳ್ಳೆಯ ಬೆಳಕಾಯಿತೆಂದು ನಾವೆಲ್ಲ ಹೇಳಿದೆವು.

ಮನೆಗೆ ಗ್ಯಾಸ್ ಬರಲು ಇನ್ನೂ ಹದಿಮೂರು ವರ್ಷ ಹಿಡಿಯಿತು. ಅಮ್ಮ 2011ರಲ್ಲಿ ತೀರಿಕೊಂಡಳು, ಉಸಿರಿನ ತೊಂದರೆಯಲ್ಲೇ. ಹೊಗೆಯೊಂದೇ ಕಾರಣವೆಂದು ನಾನು ಹೇಳಲಾರೆ. ಹೊಗೆ ಕಾರಣವಲ್ಲವೆಂದೂ ಹೇಳಲಾರೆ.

ಹ್ಯಾರಿಸ್ ಪಾರ್ಕಿನ ಏಣಿಯ ಬುಡದಲ್ಲಿ ನಿಂತಾಗ ನನ್ನನ್ನು ಚುಚ್ಚಿದ್ದು ಇದು. ನಮಗೆ ಬೇಕಿದ್ದದ್ದು ಯಾವ ದೊಡ್ಡ ವಿದ್ಯೆಯೂ ಅಲ್ಲ. ಎರಡು ಹೆಂಚಿನಗಲದ ಒಂದು ತಗಡು, ನಡುವೆ ಕೊಳವೆಗೆ ಕೊರಳಿನಂತೆ ಎಬ್ಬಿಸಿದ ಅಂಚು, ಕೊಳವೆಯ ಮೈಗೆ ಬಿಗಿದು ಆ ಕೊರಳಿನ ಮೇಲೆ ಛತ್ರಿಯಂತೆ ಬಗ್ಗಿದ ಒಂದು ಬಳೆ. ತಗಡಿನ ಮೇಲಂಚು ಮೇಲಿನ ಹೆಂಚಿನಡಿಗೆ, ಕೆಳಂಚು ಕೆಳಗಿನ ಹೆಂಚಿನ ಮೇಲೆ. ಸಾಗರದ ಪೇಟೆಯಲ್ಲಿ ಕೊಡ, ಲಾಟೀನು ರಿಪೇರಿ ಮಾಡುವ ತಗಡು ಕೆಲಸದವರು ಅರ್ಧ ದಿನದಲ್ಲಿ ಮಾಡಿಕೊಡುತ್ತಿದ್ದರು. ಸೋಗೆ ಹೊದಿಸುವ ಅಪ್ಪಯ್ಯನಿಗೆ ಆ ತತ್ವ ಬೆರಳ ತುದಿಯಲ್ಲಿತ್ತು. ಆದರೂ ಕೊಳವೆಯ ವಿಷಯದಲ್ಲಿ ಅವರು ಅಂಟನ್ನೇ ನಂಬಿದರು. ಕೊಳವೆ ಪೇಟೆಯಿಂದ ಬಂದದ್ದು, ಹೊಸ ವಸ್ತು; ಅದಕ್ಕೆ ಸಿಮೆಂಟೆಂಬ ಹೊಸ ವಸ್ತುವೇ ಮದ್ದೆಂದು ತಿಳಿದರು. ಮನೆಯೊಳಗಿದ್ದ ಹಳೆಯ ತಿಳಿವಳಿಕೆಯನ್ನು ಕರೆಯಲಿಲ್ಲ. ನಾವು ಮಕ್ಕಳೂ ಕರೆಯಲಿಲ್ಲ. ನಾನಂತೂ ಎಂಜಿನಿಯರಿಂಗ್ ಓದಿ, ಸಮುದ್ರ ದಾಟಿ ಬಂದು, ಅದೇ ತಪ್ಪನ್ನು ಸಿಲಿಕೋನ್ ಟ್ಯೂಬು ಹಿಡಿದು ಎರಡು ಸಲ ಮಾಡಿದೆ.

ಸುಧಾರಿತ ಒಲೆಗಳ ಚರಿತ್ರೆ ಬರೆಯುವವರು ಕಟ್ಟಿಗೆ ಎಷ್ಟು ಉಳಿಯಿತು, ಒಲೆ ಎಷ್ಟು ಕಟ್ಟಲಾಯಿತು ಎಂದು ಲೆಕ್ಕ ಕೊಡುತ್ತಾರೆ. ಅದು ಬೇಕು. ಆದರೆ ನನಗೆ ತಿಳಿದ ಮಟ್ಟಿಗೆ ನಮ್ಮ ಮನೆಯ ಒಲೆ ಒಲೆಯಾಗಿ ಸೋಲಲಿಲ್ಲ. ಒಲೆ ಒಬ್ಬರ ಕೆಲಸ, ಮಾಡು ಇನ್ನೊಬ್ಬರ ಕೆಲಸ, ಎರಡೂ ಕೂಡುವ ಅಂಗೈಯಗಲದ ಜಾಗ ಯಾರ ಕೆಲಸವೂ ಅಲ್ಲ. ಸೋರಿದ್ದು ಅಲ್ಲಿ. ಹ್ಯಾರಿಸ್ ಪಾರ್ಕಿನಲ್ಲಿ ಸೋರಿದ್ದೂ ಅಲ್ಲಿಯೇ. ಒಬ್ಬರ ಸೀಸ, ಇನ್ನೊಬ್ಬರ ತಗಡು, ಮಗದೊಬ್ಬರ ಚಿಮಣಿ.

ಕೆಲಸ ಮುಗಿದ ಸಂಜೆ ಅಕ್ಕನಿಗೆ ವೀಡಿಯೋ ಕಾಲ್ ಮಾಡಿ ಎಲ್ಲ ಹೇಳಿದೆ. ಅವಳು ಈಗಲೂ ಊರ ಮನೆಯಲ್ಲೇ ಇದ್ದಾಳೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂತ ಮಾರಾಯ, ಆ ಕೊಳವೆ ಇನ್ನೂ ಕೊಟ್ಟಿಗೆ ಹಿಂದೆ ಬಿದ್ದುಕೊಂಡಿದೆ. ಅಪ್ಪಯ್ಯ ಬಿಸಾಡ್ಲಿಕ್ಕೆ ಬಿಡ್ಲಿಲ್ಲ" ಎಂದಳು. ಕಿತ್ತೆಸೆದವರೇ ಯಾಕೆ ಉಳಿಸಿಕೊಂಡರು ಎಂದು ನಾನು ಕೇಳಲಿಲ್ಲ. ಅಪ್ಪಯ್ಯ ಈಗ ಇಲ್ಲ. ಅಕ್ಕನ ಮನೆಯ ಬಚ್ಚಲಿನಲ್ಲಿ ಈಗಲೂ ಹಂಡೆಗೆ ಕಟ್ಟಿಗೆಯೇ. "ಬಚ್ಚಲ ಮಾಡಿಗೆ ಒಂದು ಕೊಳವೆ ಹಾಕ್ಸು. ನಾನು ಚಿತ್ರ ಬರೆದು ಕಳಿಸ್ತೇನೆ" ಎಂದೆ. ಆ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದು ಫೋಟೋ ತೆಗೆದು ಕಳಿಸಿದೆ. ಎರಡು ಹೆಂಚು, ಒಂದು ತಗಡು, ಒಂದು ಕೊರಳು, ಒಂದು ಬಳೆ. ಪಕ್ಕದಲ್ಲಿ ದೊಡ್ಡಕ್ಷರದಲ್ಲಿ, ಮೇಲಿನದು ಕೆಳಗಿನದರ ಮೇಲೆ.

ನಮ್ಮ ಒಲೆಯನ್ನು ನಾವು ಈಗ ಹೆಚ್ಚು ಹೊತ್ತಿಸುವುದಿಲ್ಲ. ಚಳಿಗಾಲದಲ್ಲಿ ಸಿಡ್ನಿಯ ಗಾಳಿಯನ್ನು ಕೆಡಿಸುವುದರಲ್ಲಿ ಕಟ್ಟಿಗೆ ಒಲೆಗಳದ್ದು ದೊಡ್ಡ ಪಾಲೆಂದು ಇಲ್ಲಿನ ಸರ್ಕಾರವೇ ಹೇಳುತ್ತದೆ. ನಮ್ಮ ಮನೆಯಿಂದ ಹೊರಗೆ ಹೋದ ಹೊಗೆ ಪಕ್ಕದ ಮನೆಯ ಅಜ್ಜಿಯ ಕಿಟಕಿಗೆ ಹೋಗುತ್ತದೆ. ಹಾಗಾಗಿ ತೀರ ಚಳಿಯಿದ್ದಾಗ, ಒಣಗಿದ ಕಟ್ಟಿಗೆಯಿದ್ದಾಗ ಮಾತ್ರ. 2022ರ ಉಳಿದ ಮಳೆಯನ್ನೂ ಅದರ ನಂತರದ ಮಳೆಗಳನ್ನೂ ಆ ಕೆಂಪು ಟೊಪ್ಪಿಗೆ ತಡೆದಿದೆ. ವರ್ಷಕ್ಕೊಮ್ಮೆ ಗಮ್ ಮರದ ಎಲೆ ಗುಡಿಸಲು ಅವರನ್ನೇ ಕರೆಯುತ್ತೇನೆ.

ಕಳೆದ ಜೂನಿನಲ್ಲಿ ಅಕ್ಕ ಒಂದು ಫೋಟೋ ಕಳಿಸಿದಳು. ಬಚ್ಚಲ ಮಾಡು, ನೆನೆದ ಹೆಂಚು, ನಡುವೆ ಹೊಳೆಯುವ ತಗಡು, ಅದರ ಕೊರಳಿನಿಂದ ಎದ್ದ ಹಳೆಯ ಸಿಮೆಂಟಿನ ಕೊಳವೆ. ಜಡಿಮಳೆಯಲ್ಲಿ ಅದರ ತುದಿಯಿಂದ ಹೊಗೆ ಹೋಗುತ್ತಿತ್ತು. ಕೆಳಗೆ ಒಂದೇ ಸಾಲು ಬರೆದಿದ್ದಳು: "ಮೂರು ದಿನದಿಂದ ಬಿಡದೆ ಹೊಯ್ತಾ ಇದೆ. ಒಂದು ಹನಿ ಇಲ್ಲ."